ಏನೂ ಮಾಡದ ಸಾಲುಗಳು

ಆ ದಿನ ಬೆಳಿಗ್ಗೆ ಪವಿತ್ರ ಮಾಡಿದ್ದು ಒಂದೇ ಒಂದು ಟಿಕ್ ಮಾರ್ಕು.

ಬಸವಾಪಟ್ಟಣದಿಂದ ದಿನಾ ಬಂದು ಚನ್ನಗಿರಿಯ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ ಅವಳು. ಮುಂದಿನ ವರ್ಷಕ್ಕೂ ಅವಳು ಬೇಕೋ ಬೇಡವೋ ಎಂದು ಪ್ರಿನ್ಸಿಪಾಲ್ ಷಣ್ಮುಖಪ್ಪನವರು ತೀರ್ಮಾನಿಸುವುದು ಅಂದೇ. ಅವರ ಮೆಚ್ಚುಗೆಗೆಂದು ಹೋದ ತಿಂಗಳು ತಾನೇ ಪ್ರೋಗ್ರಾಂ ಬರೆದು, ತಾನಾಗಿ ಬಾರಿಸಿಕೊಳ್ಳುವ ಗಂಟೆ ಮಾಡಿಕೊಟ್ಟಿದ್ದಳು. ಇಪ್ಪತ್ತು ವರ್ಷ ಕಬ್ಬಿಣದ ಪಟ್ಟಿ ಬಡಿದ ಅಟೆಂಡರ್ ಸುಂಕಲಮ್ಮ ಅಂದಿನಿಂದ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಸೋತ ಪಂಚಾಯ್ತಿ ಅಧ್ಯಕ್ಷೆಯಂತೆ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು.

ಪವಿತ್ರಳಿಗೆ ಕಂಪೈಲರ್ ಎಂದರೆ ಪ್ರೀತಿ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವಾಗ ಅದು ದಂಡದ್ದನ್ನೆಲ್ಲ ಸದ್ದಿಲ್ಲದೆ ಕೈಬಿಡುತ್ತದೆ. 'ವಾಪಸ್ ಹೋಗು' ಎಂದ ಮೇಲೂ ಬರೆದ ಸಾಲು ಎಂದೂ ಓಡದೆಂದು ತಿಳಿದು ಕಿತ್ತುಹಾಕುತ್ತದೆ. ಪ್ರೋಗ್ರಾಮಿನೊಳಗೆ ಫಂಕ್ಷನ್ ಎಂಬ ತುಂಡುಗಳಿರುತ್ತವೆ; ಹೆಸರಿದ್ದು ಒಳಗೇನೂ ಇಲ್ಲದ ಫಂಕ್ಷನ್ನನ್ನು ಕರೆಯುವ ಗೋಜಿಗೇ ಹೋಗುವುದಿಲ್ಲ. ಮನೆಯಲ್ಲಿ ಅವಳ ಮಾತನ್ನು ಕೊನೆವರೆಗೆ ಕೇಳಿದವರಿಲ್ಲ. ಕಂಪೈಲರ್ ಬಿಡುವ ಸಾಲನ್ನೂ ಪೂರ್ತಿ ಓದಿಯೇ ಬಿಡುತ್ತದೆ. ಆ ಅಭಿಮಾನದಲ್ಲೇ 'ಇನ್ನಷ್ಟು ಚೊಕ್ಕ ಮಾಡು' ಎಂಬ ಆಯ್ಕೆಗೆ ಟಿಕ್ ಹಾಕಿ, ಮೊದಲ ಪೀರಿಯಡ್ಡಿನ ಗಂಟೆಯಾದ ಮೇಲೆ ಅದರ ಪ್ರೋಗ್ರಾಮನ್ನು ಯಂತ್ರಕ್ಕೆ ಮತ್ತೆ ತುಂಬಿದಳು.

ಹನ್ನೊಂದಾಯಿತು. ಗಂಟೆಯಿಲ್ಲ. ಹನ್ನೆರಡಾಯಿತು. ಗಂಟೆಯಾಗದೆ ತರಗತಿ ಬಿಟ್ಟವರಿಗೆ ಮೆಮೋ ಎಂದು ಪ್ರಿನ್ಸಿಪಾಲರ ಆಜ್ಞೆ. ಯಾರೂ ಹೊರಗೆ ಬರಲಿಲ್ಲ.

ಸುಂಕಲಮ್ಮ ಲ್ಯಾಬಿಗೆ ಬಂದಳು. “ಮೇಡಂ, ನಿಮ್ಮ ಗಂಟೆಗೆ ಶೀತ ಆಗೈತೇನ್ರಿ? ಸ್ವರಾನೇ ಇಲ್ಲ.”

ಪವಿತ್ರ ಗಾಬರಿಯಿಂದ ಪ್ರೋಗ್ರಾಂ ತೆರೆದಳು. ಗಂಟೆ ಹಚ್ಚು, ಅದು ಬಾರಿಸುವಷ್ಟು ಹೊತ್ತು ಕಳೆಯಲು ಸುಮ್ಮನೆ ಲಕ್ಷಗಟ್ಟಲೆ ಎಣಿಸು, ಗಂಟೆ ಆರಿಸು. ಆ ಎಣಿಕೆಯಿಂದ ಯಾವ ಕೆಲಸವೂ ಆಗುತ್ತಿಲ್ಲವೆಂದು ಕಂಪೈಲರ್ ಅದನ್ನೇ ತೆಗೆದುಹಾಕಿತ್ತು. ಗಂಟೆ ರೆಪ್ಪೆ ಬಡಿಯುವುದರೊಳಗೆ ಹತ್ತಿ ಆರುತ್ತಿತ್ತು. ಆದರೂ ಅವಳ ಬಾಯಿಂದ ಬಂದದ್ದು, “ಅಬ್ಬಾ, ಎಂಥಾ ಕಣ್ಣು ಇದರದ್ದು!”

“ರೀ ಪವಿತ್ರ!” ಷಣ್ಮುಖಪ್ಪನವರು ಬಾಗಿಲಲ್ಲಿದ್ದರು. “ಇಡೀ ಕಾಲೇಜು ಇನ್ನೂ ಮೊದಲ್ನೇ ಪೀರಿಯಡ್ಡಿನಾಗೈತೆ!”

ಸುಂಕಲಮ್ಮ ಕಾಯಲಿಲ್ಲ. ಓಡಿಹೋಗಿ ಪಟ್ಟಿ ಬಡಿದಳು. ಒಂದು ತಿಂಗಳ ಸಿಟ್ಟೆಲ್ಲ ಅದರಲ್ಲಿತ್ತು. ಚರಿತ್ರೆಯ ಕಲ್ಲೇಶ್ ಮೇಷ್ಟ್ರು ಗಂಟಲು ಹಿಡಿದುಕೊಂಡು ಬಂದರು. “ಸರ್, ವರ್ಷದ ಸಿಲಬಸ್ಸೇ ಮುಗೀತು. ನಾಳೆಯಿಂದ ನಾನೇನು ಮಾಡ್ಲಿ?”

“ಸರ್, ಕಂಪೈಲರ್ ತಪ್ಪು ಮಾಡಿಲ್ಲ,” ಎಂದು ಪವಿತ್ರ ಎಲ್ಲವನ್ನೂ ವಿವರಿಸಿದಳು. “ಕೆಲಸ ಮಾಡದೇ ಇರೋದನ್ನ ತೆಗೆದೈತೆ, ಅಷ್ಟೇ.”

“ಯಾರನ್ನೂ ಕೇಳದೇನೇ?”

“ಕೇಳಲ್ಲ ಸರ್.”

“ಅರ್ಜಿ, ಶಿಫಾರಸು, ಕಣ್ಣೀರು?”

“ಏನೂ ಇಲ್ಲ ಸರ್.”

ಷಣ್ಮುಖಪ್ಪನವರ ಮುಖ ಅರಳಿತು. “ಮೂವತ್ತು ವರ್ಷ ಸರ್ವೀಸಾತು, ಇಂಥಾ ಆಡಳಿತ ಕಂಡಿಲ್ಲ ನೋಡ್ರಿ! ಬರ್ರಿ ಆಫೀಸಿಗೆ.”

ಹೋಗುವ ಮುನ್ನ ಅವಳು ಟಿಕ್ ತೆಗೆಯಲಿಲ್ಲ. 'ದಂಡ ಅನ್ನಿಸಿದರೂ ಇದನ್ನು ಮುಟ್ಟಬೇಡ' ಎಂದು ಕಂಪೈಲರಿಗೆ ಹೇಳುವ ಒಂದು ಪದವಿದೆ. ಆ ಎಣಿಕೆಗೆ ಅದನ್ನು ಸೇರಿಸಿದಳು. ಕೆಲಸ ಉಳಿದಂತೆಯೇ ಎಂದು ಮನಸ್ಸು ಹಗುರಾಗಿತ್ತು.

ಆಫೀಸಿನಲ್ಲಿ ಸಮಿತಿಗಳ ಪಟ್ಟಿ, ಟೈಮ್ ಟೇಬಲ್ ಹರಡಿಕೊಂಡು ಪ್ರಿನ್ಸಿಪಾಲರು ಕೆಂಪು ಪೆನ್ನು ಹಿಡಿದರು. “ಒಳಗೇನೂ ಇಲ್ಲದ ಫಂಕ್ಷನ್ನು... ಸಾಂಸ್ಕೃತಿಕ ಸಮಿತಿ! ಕಲ್ಲೇಶ್, ಈ ವರ್ಷ ಏನು ಮಾಡೀರಿ?”

“ಸಭೆ ಕರೆಯಾಕೆ ಯೋಚ್ನೆ ಮಾಡೀವಿ ಸರ್.”

ಪೆನ್ನು ಸರ್ರನೆ ಹರಿಯಿತು. “ಹೆಂಗೈತೆ ಮೇಡಂ?”

“ಕಂಪೈಲರ್ ತರಾನೇ ಸರ್,” ಎಂದಳು ಪವಿತ್ರ, ಮನಸಾರೆ.

“ವಾಪಸ್ ಹೋಗು ಅಂದ ಮೇಲಿನ ಸಾಲು ಅಂದ್ರಲ್ಲ, ಅದು ನಮ್ಮಲ್ಲಿ ಯಾವುದು?”

ಸಮಿತಿ ಕಳೆದುಕೊಂಡ ಕಲ್ಲೇಶ್ ಗೊಗ್ಗರು ದನಿಯಲ್ಲಿ ಹೇಳಿದರು, “ಮೂರೂಮುಕ್ಕಾಲಿನ ಬಸವಾಪಟ್ಟಣದ ಬಸ್ಸು ಸರ್. ಅದು ಹೊಂಟ ಮೇಲೆ ಇಲ್ಲಿ ಒಂದು ಪಿಳ್ಳೆನೂ ಇರಲ್ಲ. ಕೊನೇ ಪೀರಿಯಡ್ಡು ಎಂದೂ ಓಡೇ ಇಲ್ಲ.”

“ಭಲೇ!” ಕೊನೆಯ ಸಾಲು ಪೂರ್ತಿ ಕೆಂಪಾಯಿತು. “ಯಾರದ್ರೀ ಆ ಪೀರಿಯಡ್ಡು?”

ಬಾಗಿಲಲ್ಲಿದ್ದ ಸುಂಕಲಮ್ಮ ಸುತ್ತಿಗೆಯಿಂದಲೇ ಪವಿತ್ರಳನ್ನು ತೋರಿಸಿದಳು. ಪವಿತ್ರಳಿಗಿದ್ದ ಪೀರಿಯಡ್ಡು ಅದೊಂದೇ. 'ಮುಟ್ಟಬೇಡ' ಎನ್ನಲು ಪ್ರಿನ್ಸಿಪಾಲರ ಭಾಷೆಯಲ್ಲಿ ಯಾವ ಪದವಿದೆಯೋ ಅವಳಿಗೆ ತಿಳಿಯಲಿಲ್ಲ.

ಮೂರೂವರೆಗೆ ಗಂಟೆ ಎಂಟು ಸೆಕೆಂಡು ಖಣಖಣಿಸಿತು. ನೋಟಿಸ್ ಬೋರ್ಡಿನಲ್ಲಿ ಹೊಸ ಟೈಮ್ ಟೇಬಲ್ ಅಂಟಿಸಿದ್ದರು. ತನ್ನ ಹೆಸರಿದ್ದ ಜಾಗ ಎಲ್ಲಿತ್ತೆಂದು ಹುಡುಕಿದರೂ ಸಿಗದಷ್ಟು ಚೊಕ್ಕ ಕೆಲಸ. ಪವಿತ್ರಳಿಗೆ ತಲೆದೂಗದೆ ಇರಲಾಗಲಿಲ್ಲ.

ಮಾಡಲು ಇನ್ನೇನೂ ಇಲ್ಲದೆ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಮೂರೂಮುಕ್ಕಾಲಿನ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಧಡಕ್ಕನೆ ಎದ್ದು ನಿಂತಳು. “ಕೂತ್ಕಳ್ರಿ ಮೇಡಂ!” ಅವಳ ಹಿಂದೆ ಇನ್ನೊಬ್ಬ ಎದ್ದ, ಮತ್ತೊಬ್ಬ.

ಪವಿತ್ರ ಎಣಿಸಿದಳು. ಮೂವತ್ತೆರಡು. ತರಗತಿ ಪೂರ್ತಿ ಹಾಜರಿತ್ತು.