ವಿಶ್ವಕೋಶದಲ್ಲಿ ಮೊದಲ ಬಾಗಿನ

ಎಲ್ಲರೂ ಸೇರಿ ಬರೆಯುವ ಅಂತರಜಾಲದ ವಿಶ್ವಕೋಶದಲ್ಲಿ ನಿಯಮಗಳು ಆಗಾಗ ಬದಲಾಗುತ್ತವೆ. ಬದಲಾದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಮಧುಗಿರಿಯ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತಳಾದ ನಾನು ಅಲ್ಲಿ ಬರೆದದ್ದು ಒಂದೇ ಲೇಖನ. ಅದರಲ್ಲಿ ಕಾಪಾಡಲು ಹೊರಟದ್ದು ಒಂದೇ ವಾಕ್ಯ.

ಕಳ್ಳಂಬೆಳ್ಳದ ಆಚೆ ಒಂದು ಕೆರೆಯಿದೆ. ಅದರ ಮೂಡಣ ದಂಡೆಯ ಊರು ನನ್ನ ತವರು. ಪಡುವಣ ದಂಡೆಯದು ಗಂಡನ ಊರು. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಮೊದಲ ಬಾಗಿನ ಅರ್ಪಿಸುವ ಹಕ್ಕು ಯಾವ ಊರಿನ ಮನೆಮಗಳದು ಎಂಬ ವಿಷಯದಲ್ಲಿ ಎರಡು ದಂಡೆಗಳಿಗೂ ತಕರಾರಿದೆ. ನಮ್ಮ ಸೀಮೆಯಲ್ಲಿ ಕೆರೆ ತುಂಬುವುದೇ ಅಪರೂಪವಾದ್ದರಿಂದ ತಕರಾರು ಬೆಳೆಸಲು ಬೇಕಾದಷ್ಟು ಬಿಡುವೂ ಇದೆ.

ಯಾರು ಬೇಕಾದರೂ ಬರೆಯಬಹುದು

ಆರಂಭದ ನಿಯಮ ಸರಳವಾಗಿತ್ತು: ತಿಳಿದವರು ಬರೆಯಿರಿ, ತಪ್ಪಿದ್ದರೆ ಇನ್ನೊಬ್ಬರು ತಿದ್ದುತ್ತಾರೆ. "ಮೊದಲ ಬಾಗಿನ ಮೂಡಣ ಊರಿನ ಮನೆಮಗಳದು" ಎಂದು ಬರೆದು, ನೂರಾರು ವರ್ಷಗಳ ವ್ಯಾಜ್ಯವನ್ನು ಇತ್ಯರ್ಥಪಡಿಸಿದ ಸಮಾಧಾನದಿಂದ ಮಲಗಿದೆ.

ಬೆಳಗ್ಗೆ ನೋಡಿದರೆ 'ಮೂಡಣ' ಹೋಗಿ 'ಪಡುವಣ' ಬಂದಿತ್ತು. ತಿದ್ದಿದವನ ಹೆಸರು 'ಪಡುವಣ ಪುತ್ರ'. ನಾನು ಸರಿಪಡಿಸಿದೆ. ಊಟದ ಹೊತ್ತಿಗೆ ಮತ್ತೆ ಪಡುವಣ.

"ಯಾವನೋ ಅವಿವೇಕಿ ರೀ," ಎಂದೆ ಪತಿಗೆ.

"ಅವನಿಗೂ ಏನೋ ಗೊತ್ತಿರಬಹುದು," ಎಂದರು ಅವರು, ಮುಖದ ಮುಂದಿನ ದಿನಪತ್ರಿಕೆಯನ್ನು ಇಳಿಸದೆ.

ಈ ನಡುವೆ ಮೂರನೆಯವರೊಬ್ಬರು ಬಂದು, "ಕೆರೆ ಏರಿಯ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಬಹಳ ಮೆತ್ತಗಿರುತ್ತದೆ" ಎಂದು ಸೇರಿಸಿದರು. ಅಷ್ಟು ದೀರ್ಘ ಕಾಳಗದಲ್ಲಿ ಒಬ್ಬರ ಆಕ್ಷೇಪಣೆಯೂ ಇಲ್ಲದೆ ಉಳಿದ ವಾಕ್ಯ ಅದೊಂದೇ.

ಅಚ್ಚಾಗಿರಬೇಕು

ಆಮೇಲೆ ನಿಯಮ ಬದಲಾಯಿತು. ಬರೆದ ಪ್ರತಿ ಮಾತಿಗೂ ಉಲ್ಲೇಖ ಬೇಕು. ಬಾಯಿಮಾತು ಸಾಲದು, ಅಚ್ಚಾಗಿರಬೇಕು. ಹೀಗೆಂದು ತಿಳಿಸಿದವನು ವಿಶ್ವಕೋಶದ ನಿರ್ವಾಹಕ. ಕೊರಟಗೆರೆಯಲ್ಲಿ ಶಾಲಾ ಶಿಕ್ಷಕ, ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿ.

"ಮೇಡಂ, ಆಧಾರವಿಲ್ಲದೆ ಒಂದು ಸಾಲನ್ನೂ ಬರೆಯಬಾರದು ಅಂತ ಕಲಿಸಿದವರು ನೀವೇ," ಎಂದ ಫೋನಿನಲ್ಲಿ.

ನಾನು ಕಲಿಸಿದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ವಿದ್ಯಾರ್ಥಿ ಅವನೊಬ್ಬನೇ. ಅವನೇ ಎದುರಾಗಬೇಕಿತ್ತು.

ತವರಿನಲ್ಲಿರುವ ಸೋದರಮಾವನಿಗೆ ಸಂಕಟ ಹೇಳಿಕೊಂಡೆ. "ಅಚ್ಚಾಗ್ಬೇಕು ತಾನೇ? ಬುಡು, ನಾನ್ ನೋಡ್ಕಂತೀನಿ," ಎಂದರು. ತಿಂಗಳೊಳಗೆ ಅವರ ಮೊಮ್ಮಗಳ ಲಗ್ನಪತ್ರಿಕೆ ಕೈಸೇರಿತು. ಗಣೇಶನ ಚಿತ್ರದ ಕೆಳಗೆ, ವಧುವಿನ ಹೆಸರಿಗೂ ಮೊದಲು, ಬಂಗಾರದ ಬಣ್ಣದಲ್ಲಿ: "ಕೆರೆಗೆ ಮೊದಲ ಬಾಗಿನ ಕೊಡುವ ಹಕ್ಕುಳ್ಳ ಮೂಡಣ ಊರಿನವರು ಮಾಡುವ ವಿಜ್ಞಾಪನೆ."

ಅದರ ಫೋಟೋ ತೆಗೆದು ನಿರ್ವಾಹಕನಿಗೆ ಕಳುಹಿಸಿದೆ. "ಇದು ಸ್ವತಂತ್ರ ಮೂಲವಲ್ಲ, ಮೇಡಂ. ಕುಟುಂಬದವರೇ ಹಾಕಿಸಿದ್ದು," ಎಂದು ಉತ್ತರ ಬಂತು.

ಸೋದರಮಾವ ಕೆಂಡವಾದರು. "ಬೀಗರ ಕಡೆಯೋರೂ ಓದಿ ಒಪ್ಪವ್ರೆ ಕಣಮ್ಮ! ಬೀಗರೇ ಒಪ್ಪಿದ ಮೇಲೆ ಇನ್ಯಾವನು ಒಪ್ಪಬೇಕು?"

ಒಂದೇ ಮನೆ, ಎರಡು ಹೆಸರು

ಮುಂದೆ ಇನ್ನೊಂದು ನಿಯಮ ಬಿಗಿಯಾಯಿತು. ಒಬ್ಬರೇ ಎರಡು ಹೆಸರಿನಲ್ಲಿ ಬರೆಯುವವರನ್ನು ಪತ್ತೆಹಚ್ಚಿ ಹೊರಗಿಡತೊಡಗಿದರು. ಒಂದು ಬೆಳಗ್ಗೆ ನನ್ನ ಖಾತೆಗೆ ಬೀಗ ಬಿದ್ದಿತ್ತು. ನಿರ್ವಾಹಕನಿಗೆ ಫೋನು ಮಾಡಿದೆ.

"ಕ್ಷಮಿಸಿ ಮೇಡಂ. ನೀವೂ ಪಡುವಣ ಪುತ್ರನೂ ಒಬ್ಬರೇ ಎಂದು ಸಮಿತಿ ತೀರ್ಮಾನಿಸಿದೆ."

"ನಾನು? ಆ ಅವಿವೇಕಿಯೊಂದಿಗೆ?"

"ಇಬ್ಬರೂ ಬರೆಯುವುದು ಒಂದೇ ಅಂತರಜಾಲ ಸಂಪರ್ಕದಿಂದ ಮೇಡಂ. ನಿಮ್ಮ ಮನೆಯದು."

ಫೋನಿಟ್ಟು ಮಹಡಿ ಹತ್ತಿದೆ. ಪತಿ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಅವರ ಖಾತೆಗೂ ಬೀಗ ಬಿದ್ದಿದ್ದರಿಂದ ಮುಖ ಬಾಡಿತ್ತು.

"ನೀವೇನ್ರೀ?"

"ನನ್ನ ಊರಿನ ಮಾನದ ಪ್ರಶ್ನೆ," ಎಂದರು. ನಿವೃತ್ತ ಎಂಜಿನಿಯರ್, ಮದುವೆಯಾದಂದಿನಿಂದ ಆ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ.

ಈಗ ನಾವು ಇಬ್ಬರು ಎಂದು ಸಾಬೀತುಪಡಿಸಬೇಕಾಯಿತು. ಮದುವೆಯ ಭಾವಚಿತ್ರ ಕಳುಹಿಸಿದೆವು, ಹಳೆಯದೆಂದರು. ಕೊನೆಗೆ ನಿರ್ವಾಹಕನೇ ಒಂದು ಡಜನ್ ಬಾಳೆಹಣ್ಣು ಹಿಡಿದು ಮನೆಗೆ ಬಂದ. ಬಾಗಿಲು ತೆರೆದವರು ನಮ್ಮ ಅತ್ತೆ. ಎಂಬತ್ತು ದಾಟಿದ ಮುತ್ತೈದೆ. ತವರು ಪಾವಗಡದ ಕಡೆ ವಳ್ಳೂರು. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ನಿಷ್ಠುರ.

"ಅಜ್ಜಿ, ನಿಮ್ಮ ಮಗ, ಸೊಸೆ ಒಬ್ಬರೇನಾ ಅಂತ ತಿಳಿಯಬೇಕಿತ್ತು," ಎಂದ ಅವನು, ವಿನಯದಿಂದ.

"ಏಮಪ್ಪಾ, ಬುದ್ಧಿ ಉಂದಾ ಲೇದಾ ನಿನಗೆ? ಲಗ್ನ ಆದಾಗಿಂದ ಇವರಿಬ್ಬರು ಒಂದು ದಿನ ಒಂದು ಮಾತಿಗೆ ನಿಂತಿಲ್ಲ. ಒಬ್ಬರಂತೆ!"

ಸಂಜೆಯೊಳಗೆ ಎರಡೂ ಖಾತೆಗಳ ಬೀಗ ತೆಗೆದರು. ಆದರೆ ಜೊತೆಗೇ ಹೊಸ ನಿಯಮವೊಂದು ಬಂತು: ವಿಷಯದೊಂದಿಗೆ ಸಂಬಂಧವುಳ್ಳವರು ಆ ಲೇಖನವನ್ನು ಮುಟ್ಟುವಂತಿಲ್ಲ. ಇಬ್ಬರು ಎಂದು ಸಾಬೀತಾದದ್ದರಿಂದ ಇಬ್ಬರನ್ನೂ ಹೊರಗಿಟ್ಟರು.

ಕೋಡಿ ಬಿದ್ದ ದಿನ

ಆ ವರ್ಷ ಕೆರೆ ತುಂಬಿತು.

ಏರಿಯ ಮೇಲೆ ಒಂದು ಪಕ್ಕ ನನ್ನ ತವರಿನವರು, ಇನ್ನೊಂದು ಪಕ್ಕ ಗಂಡನ ಊರಿನವರು. ಎರಡು ಗುಂಪುಗಳ ಮುಂದೆಯೂ ಅರಿಶಿನ ಬಳಿದ ಮೊರಗಳಲ್ಲಿ ಬಾಗಿನ ಸಿದ್ಧ. ಮೂಡಣದವರ ಪರವಾಗಿ ಮೊರ ಹಿಡಿದವಳು ನಾನು. ಪಡುವಣದವರ ಪರವಾಗಿ ನನ್ನ ನಾದಿನಿ. ಇಂದು ಬಿಟ್ಟರೆ ಮತ್ತೆ ಕೆರೆ ಎಂದು ತುಂಬುವುದೋ ತಿಳಿಯದು, ಯಾರೂ ಬಿಡುವಂತಿರಲಿಲ್ಲ.

"ಲೇ, ಇಂಗೆ ನಿಂತ್ಕಂಡ್ರೆ ಕೆರೆ ಬತ್ತೋಗ್ತದೆ ಕಣ್ಲಾ!" ಎಂದು ಯಾರೋ ಕೂಗಿದರು.

"ವಿಶ್ವಕೋಶದಾಗೆ ಏನೈತೋ ಅಂಗೇ ಆಗ್ಲಿ," ಎಂದರು ಸೋದರಮಾವ. ನಾನು ಬರೆದದ್ದು ಇನ್ನೂ ಅಲ್ಲಿದೆಯೆಂದೇ ಅವರ ನಂಬಿಕೆ. ಪಡುವಣದವರಿಗೂ ನನ್ನ ಪತಿ ಬರೆದದ್ದರ ಮೇಲೆ ಅಷ್ಟೇ ನಂಬಿಕೆ, ಒಪ್ಪಿದರು.

ನೋಡಲು ಬಂದಿದ್ದ ನಿರ್ವಾಹಕ ಮೊಬೈಲು ತೆರೆದ. "ಆಧಾರವಿಲ್ಲದ್ದರಿಂದ ಆ ವಾಕ್ಯವನ್ನು ತೆಗೆದಿದ್ದೇವೆ, ಜಾಗ ಈಗ ಖಾಲಿ ಇದೆ. ಪತ್ರಿಕೆಯಲ್ಲಿ ವರದಿ ಬಂದ ಮೇಲೆ ಅದರಂತೆ ಬರೆಯುತ್ತೇವೆ."

ಎಲ್ಲರೂ ಶಿರಾದಿಂದ ಬಂದಿದ್ದ ವರದಿಗಾರನ ಕಡೆ ತಿರುಗಿದರು. ಅವನು ಏರಿಯ ಪಕ್ಕದ ಹೋಟೆಲಿನಲ್ಲಿ ತಿಂಡಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. "ನನ್ನನ್ನು ಕೇಳಿದರೆ? ನಾನು ವಿಶ್ವಕೋಶದಲ್ಲಿ ಇದ್ದಂತೆ ಬರೆಯೋಣ ಎಂದುಕೊಂಡಿದ್ದೆ."

ವಿಶ್ವಕೋಶ ಪತ್ರಿಕೆಗಾಗಿ ಕಾಯಿತು. ಪತ್ರಿಕೆ ವಿಶ್ವಕೋಶಕ್ಕಾಗಿ ಕಾಯಿತು. ಇವೆರಡರ ನಡುವೆ ಎರಡು ಊರುಗಳು ಬಿಸಿಲಿನಲ್ಲಿ ಬೆವರಿದವು.

ಆಗ ನನ್ನ ಕೈಯ ಮೊರವನ್ನು ಯಾರೋ ಕಿತ್ತುಕೊಂಡರು. ಅತ್ತೆ! "ಮೊಣಕಾಲು ಹೋಗ್ತಾ ಐತೆ ನಂದು. ಗಂಗಮ್ಮ ತಲ್ಲಿ, ತಗೋ!" ಎನ್ನುತ್ತ ಬಾಗಿನವನ್ನು ನೀರಿಗೆ ಬಿಟ್ಟೇಬಿಟ್ಟರು. ಮೊರ ತೇಲಿಹೋಯಿತು. ಎರಡು ದಂಡೆಗಳೂ ಬಾಯಿ ತೆರೆದು ನಿಂತವು.

ವರದಿಗಾರ ಲಗುಬಗೆಯಿಂದ ಅವರ ಬಳಿ ಬಂದ. "ಅಜ್ಜಿ, ನೀವು ಯಾವ ಊರಿನ ಮಗಳು?"

"ವಳ್ಳೂರು," ಎಂದರು ಅತ್ತೆ, ಮೊಣಕಾಲು ಒತ್ತಿಕೊಳ್ಳುತ್ತ.

ಮರುದಿನ ಪತ್ರಿಕೆಯಲ್ಲಿ ಬಂತು, ಅದರ ಮರುದಿನ ವಿಶ್ವಕೋಶದಲ್ಲಿ: "ಈ ಕೆರೆಗೆ ಮೊದಲ ಬಾಗಿನ ಅರ್ಪಿಸುವುದು ಪಾವಗಡ ತಾಲ್ಲೂಕು ವಳ್ಳೂರಿನ ಮನೆಮಗಳು." ಕೆಳಗೆ ಕಳಂಕವಿಲ್ಲದ ಉಲ್ಲೇಖ. ವರದಿಗಾರ ತಿಂಡಿಯ ವಿಷಯವನ್ನೂ ಬರೆದಿದ್ದರಿಂದ, ಇಡ್ಲಿಯ ವಾಕ್ಯಕ್ಕೂ ಅದೇ ಉಲ್ಲೇಖ ಸಿಕ್ಕಿತ್ತು.

ಜೀವನದಲ್ಲಿ ಮೊದಲ ಬಾರಿಗೆ ನಾನೂ ಪತಿಯೂ ಒಂದೇ ಅಭಿಪ್ರಾಯಕ್ಕೆ ಬಂದು, ಇಬ್ಬರೂ ಸಹಿ ಹಾಕಿದ ಆಕ್ಷೇಪಣೆ ಕಳುಹಿಸಿದೆವು. ನಿರ್ವಾಹಕ ಅದನ್ನು ತಿರಸ್ಕರಿಸಿ ಕಾರಣ ಬರೆದ: "ಇಬ್ಬರ ಮಾತೂ ಒಂದೇ ಆಗಿರುವುದರಿಂದ ಇವರು ಒಬ್ಬರೇ ಎಂಬ ಹಳೆಯ ಸಂಶಯ ಮತ್ತೆ ಎದ್ದಿದೆ."

ಬೇರೆ ದಾರಿಯಿಲ್ಲದೆ ಅತ್ತೆಯ ಬಳಿ ಹೋದೆ. "ಅತ್ತೆ, ಆ ಹಕ್ಕು ನಿಮ್ಮೂರಿನದಲ್ಲ ಅಂತ ನೀವೇ ಒಂದು ಮಾತು ಹೇಳಿಬಿಡಿ."

ಅವರು ಕಾಲಿಗೆ ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಅದೆಲ್ಲ ಬಾಯಿಮಾತು ಆಗ್ತದೆ ಕಣಮ್ಮ," ಎಂದರು. "ಅಚ್ಚಾಗಿರೋದು ಏನಾದ್ರೂ ಇದ್ರೆ ತಗೊಂಬಾ."