ಕೋಟಿನ ಜೇಬಿನಲ್ಲಿ ಉಳಿದ ಮಾತ್ರೆಗಳು

ನೋವು ನಿಂತರೆ ಕಾಯಿಲೆಯೂ ವಾಸಿಯಾಯಿತೆಂದು ನಂಬುವವರಲ್ಲಿ ನಾನೂ ಒಬ್ಬ. ಮಧುಗಿರಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ದಿನವಿಡೀ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಿದ್ದವನಿಗೆ ನನ್ನ ದವಡೆ ಹಲ್ಲಿನ ಹೇಳಿಕೆ ಮಾತ್ರ ಕಿವಿಗೆ ಬೀಳಲಿಲ್ಲ. ಅದು ಚುಚ್ಚಿದಾಗಲೆಲ್ಲ ಒಂದು ಆಸ್ಪಿರಿನ್ ನುಂಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋವು ಮಾಯ. ಎರಡು ತಿಂಗಳು ಹೀಗೇ ಸುಖವಾಗಿ ಕಳೆದವು. “ನೋವು ಎಲ್ಲೂ ಹೋಗಿಲ್ಲ ಕಣ್ರೀ, ಒಳ್ಗೇ ಕುಂತೈತೆ,” ಎಂದು ನನ್ನ ಹೆಂಡತಿ ಗೌರಮ್ಮ ಹೇಳಿದಾಗ, ಇವಳು ಯಾವಾಗ ಡಾಕ್ಟರಾದಳು ಎಂದು ನಕ್ಕುಬಿಟ್ಟೆ.

ಒಂದು ಬೆಳಿಗ್ಗೆ ನಗೋಣವೆಂದರೂ ಕೆನ್ನೆ ಬಿಡಲಿಲ್ಲ. ಊದಿಕೊಂಡು ಅರ್ಧ ಕಣ್ಣು ಮುಚ್ಚಿಸಿತ್ತು. ಯುದ್ಧದ ಕಾಲ. ಇದ್ದಿಲು ಉರಿಸಿ ಓಡಿಸುವ ಬಸ್ಸು ಏರಿನಲ್ಲಿ ಏದುಸಿರು ಬಿಡುತ್ತ, ನಾನು ಒಳಗೆ ನರಳುತ್ತ, ಗೌರಮ್ಮನೊಂದಿಗೆ ತುಮಕೂರಿನ ಹಲ್ಲಿನ ಡಾಕ್ಟರ ಬಳಿ ಹೋದೆ. ಅವರು ಹೊಲಿಗೆ ಯಂತ್ರದ ಹಾಗೆ ಕಾಲಿನಲ್ಲಿ ತುಳಿಯುವ ಯಂತ್ರದಿಂದ ಹಲ್ಲು ಕೊರೆದು, ಕೀವು ಹೊರಗೆ ಬಿಟ್ಟು, ಬೇರಿನೊಳಗೆ ಸತ್ತಿದ್ದ ನರ ತೆಗೆದರು. ಆಗ ನಾನು ಯಾವ ಯಾವ ದೇವರನ್ನು ಕರೆದೆನೋ, ಬಾಯಿ ಅಗಲಿಸಿಯೇ ಇದ್ದುದರಿಂದ ಆ ದೇವರುಗಳಿಗೂ ಅರ್ಥವಾಗಿರಲಾರದು.

“ಕೀಳದೇ ಉಳಿಸೋಣ ಅಂತಿದೀನಿ,” ಎಂದರು ಡಾಕ್ಟರು. “ಆಸ್ಪಿರಿನ್ ಬರೀ ನೋವಿಗೆ. ಈ ಸಲ್ಫಾ ಮಾತ್ರೆ ಕೀವಿಗೆ. ಐದು ದಿನ ಒಂದೂ ಬಿಡದೆ ನುಂಗಿ, ನೀರು ಚೆನ್ನಾಗಿ ಕುಡೀರಿ. ಬೇರಿನ ಕೆಲಸ ಇನ್ನೂ ಇದೆ, ಮುಂದಿನ ವಾರ ಬನ್ನಿ.”

ಮೂರನೆಯ ದಿನಕ್ಕೆ ಊತ ಇಳಿಯಿತು. ಸಲ್ಫಾ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಯುದ್ಧದ ಕಾಲದಲ್ಲಿ ಇಷ್ಟು ಅಪರೂಪವಾದ ಮಾತ್ರೆಯನ್ನು ವಾಸಿಯಾದ ಹಲ್ಲಿಗೆ ಯಾಕೆ ದಂಡ ಮಾಡಲಿ, ಮುಂದೆ ಯಾರಿಗಾದರೂ ಆದೀತೆಂದು ಉಳಿದವನ್ನು ಕೋಟಿನ ಜೇಬಿಗೆ ಸೇರಿಸಿದೆ. ವಾರ ತುಂಬುವಷ್ಟರಲ್ಲಿ ಚಳಿಜ್ವರ ಬಂತು. ಕೆನ್ನೆಯ ಊತವೂ ಹಿಂತಿರುಗಿ ಬಂತು.

ಮತ್ತೆ ಇಬ್ಬರೂ ತುಮಕೂರಿಗೆ ಹೋದೆವು. “ಮಾತ್ರೆಯೆಲ್ಲ ತಗೊಂಡ್ರಾ?” ಎಂದು ಡಾಕ್ಟರು ಕೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಗೌರಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಮೇಜಿನ ಮೇಲಿಟ್ಟಳು. “ಕೋಟು ಒಗೆಯಕ್ ತಗೊಂಡಾಗ ಸಿಕ್ವು ಸ್ವಾಮಿ.”

“ಇನ್ನೊಂದ್ಸಲ ಹೀಗೆ ಮಾಡಿದ್ರೆ ಕಿತ್ತೇ ಬಿಡ್ತೀನಿ,” ಎಂದ ಡಾಕ್ಟರು ಮತ್ತೆ ಬೇರು ತೊಳೆದು, ಹೊಸದಾಗಿ ಐದು ದಿನಕ್ಕೆ ಬರೆದರು. ಈ ಸಲ ಗೌರಮ್ಮ ಲೋಟ ಹಿಡಿದು ಎದುರಿಗೆ ನಿಂತಳು. ಗಂಟಲಿನಿಂದ ಇಳಿಯುವವರೆಗೂ ಕದಲಲಿಲ್ಲ. ಇನ್ನೆರಡು ಸಲ ಹೋಗಿಬಂದ ಮೇಲೆ ಬೇರನ್ನು ತುಂಬಿ ಮುಚ್ಚಿದರು. ಹಲ್ಲು ಉಳಿಯಿತು. ಈಗ ಹುರಿದ ಕಡಲೆಕಾಯನ್ನು ಆ ಕಡೆಯಲ್ಲೇ ಅಗಿಯುತ್ತೇನೆ.

ಮೊನ್ನೆ ನಮ್ಮ ಕೋರ್ಟಿನ ಜವಾನ ಕೆನ್ನೆ ಹಿಡಿದುಕೊಂಡು ಮನೆಗೆ ಬಂದ. ಅನುಭವಸ್ಥನಾದ ನಾನು ಜಗಲಿಯ ಮೇಲೆ ಸರಿಯಾಗಿ ಕೂತು ಗಂಟಲು ಸರಿಮಾಡಿಕೊಂಡೆ. ಅವನು ನನ್ನ ಭುಜದಾಚೆ ಒಳಗೆ ಇಣುಕಿ, “ಅಮ್ಮಾವ್ರು ಇಲ್ವಾ ಸ್ವಾಮಿ? ಹಲ್ಲಿನ್ ವಿಚಾರ ಒಸಿ ಕೇಳ್ಬೇಕಾಗಿತ್ತು,” ಎಂದ.

ನಾನೇ ಎದ್ದು ಕರೆಯಲು ಒಳಗೆ ಹೋದೆ.