ಡಬ್ಬಿಗೆ ತಕ್ಕ ರೊಟ್ಟಿ

ನಾ ಒಂದು ದೊಡ್ಡ ಇಂಗ್ಲಿಷ್ ಶಬ್ದ ಕಲಿತೆ ಅಂದ್ರ ಅವತ್ತು ಟಿಕೋಟಾದಾಗ ಯಾರಿಗೂ ಸುಖ ಇಲ್ಲರಿ. ಹೊಸಾ ಬೂಟು ಹಾಕ್ಕೊಂಡಾಂವ ಕಾಲು ಮುಂದ ಚಾಚಿ ಕುಂಡ್ರೂ ಹಂಗ, ನಾನೂ ಮಾತಿಗೊಮ್ಮೆ ಅದನ್ನ ಮುಂದ ಮಾಡತೇನಿ. ಬಬಲೇಶ್ವರದಾಗ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳಾಂವಗ ಅಷ್ಟರ ಸೊಕ್ಕು ಬ್ಯಾಡೇನ್ರಿ? ಈ ಸಲ ಸಿಕ್ಕಿದ್ದು 'ಪ್ರೊಕ್ರಸ್ಟಿಯನ್'. ಗ್ರೀಕ್ ದೇಶದಾಗ ಒಬ್ಬ ದರೋಡೆಕೋರ ಇದ್ನಂತ. ಮನಿಗೆ ಬಂದವರನ್ನ ತನ್ನ ಮಂಚದ ಮ್ಯಾಲ ಮಲಗಸಾಂವ. ಕುಳ್ಳ ಇದ್ರ ಜಗ್ಗಿ ಉದ್ದ ಮಾಡಾಂವ, ಉದ್ದ ಇದ್ರ ಕಾಲು ಕತ್ತರಸಾಂವ. ಮಂಚ ಮಾತ್ರ ಬದಲಾಗಂಗಿಲ್ಲ. ಎಲ್ಲಾರನ್ನೂ ಹಿಂಗ ಒಂದ ಅಳತಿಗೆ ಹೊಂದಸೂ ಹಟಕ್ಕ ಆ ಹೆಸರು. ಒಲಿ ಮುಂದ ಕುಂತಿದ್ದ ಅವ್ವಗೂ ಈ ಕತಿ ಹೇಳಿದೆ. "ಎಂಥಾ ಮಗನ್ನ ಹಡದಿದ್ಲೋ ಅವರವ್ವ, ಪಾಪ" ಅಂದ್ಲು.

ಅವ್ವಗ ಆಗ ಬ್ಯಾರೇನ ಚಿಂತಿ ಇತ್ತು. ಗೋಳಗುಮ್ಮಟದ ಹತ್ರ ಇರೂ ಖಾನಾವಳಿ ಮಾಲಕರು, "ನಿಮ್ಮ ಖಡಕ್ ರೊಟ್ಟಿ ಒಮ್ಮೆ ತಂದು ತೋರಸ್ರಿ ಅಕ್ಕಾರ. ಮುರೀದಂಗ ಬಂದ್ರ ದಿನಾ ನಿಮ್ಮವ ತಗೋತೇವಿ" ಅಂದಿದ್ರು. ತಾ ಬಡದ ರೊಟ್ಟಿಗೆ ಪ್ಯಾಟಿ ಒಳಗ ಹೆಸರಾಗಬೇಕು ಅನ್ನೂದು ಅಕಿ ಬಾಳ ದಿನದ ಆಸೆ. ನಾ ಸುಮ್ನಿರಬೇಕಿಲ್ಲೋ? ಗಾಂಧಿ ಚೌಕಕ್ಕ ಹೋಗಿ ಮಿಂಚೂ ಡಬ್ಬಿ ತಂದೆ. ಮುಚ್ಚಳದ ಮ್ಯಾಲ 'ಅವ್ವನ ರೊಟ್ಟಿ' ಅಂತ ಬರಸಿ, ಕೆಳಗ ನನ್ನ ಫೋಟೋ ಹಚ್ಚಿದೆ. ಆದ್ರ ರೊಟ್ಟಿ ಡಬ್ಬಿಗಿಂತ ದೊಡ್ಡವು.

"ಅವ್ವಾ, ಇನ್ನೊಂದೀಟು ಸಣ್ಣು ಬಡಿಬೇ."

"ಯಾಕ, ಹಂಚು ಸಣ್ಣದಾತೇನು?"

"ಡಬ್ಬಿ ಸಣ್ಣದೈತಿ."

"ಡಬ್ಬಿ ನೋಡಿ ಬಡ್ಯಾಕ ನನ್ನ ಕೈ ಏನ್ ಡಬ್ಬಿ ಅಂಗಡ್ಯಾಗ ಹುಟ್ಟ್ಯಾವೇನೋ?"

ಅವ್ವ ಜಳಕಕ್ಕ ಹೋದದ್ದ ತಡ, ಕತ್ತರಿ ತಗೊಂಡು ರೊಟ್ಟಿ ಅಂಚು ಸವರಾಕ ಕುಂತೆ. ಖಟ್! ಮೊದಲನೇದು ಕರ್ನಾಟಕದ ನಕಾಶಾ ಆತು. ಎರಡನೇದು ಜಿಲ್ಲಾ ಜಿಲ್ಲಾ ಆತು. ಮೂರನೇದು ತಾಲೂಕಿಗೆ ಇಳೀತು. ಗ್ರಾಮ ಪಂಚಾಯತಿ ಮುಟ್ಟೂದ್ರಾಗ ಅವ್ವ ಬಂದು ನಿಂತಿದ್ಲು.

"ಯಪ್ಪಾ, ಆ ಕಾಲು ಕತ್ತರಸಾಂವ ಎಲ್ಲಿಯವ ಅಂದಿ?"

"ಗ್ರೀಕ್ ದೇಶದಾಂವಬೇ."

"ಸುಳ್ಳು. ನನ್ನ ಹೊಟ್ಟ್ಯಾಗ ಹುಟ್ಟ್ಯಾನ."

ಉಳಿದ ರೊಟ್ಟಿ ಬಿದಿರಬುಟ್ಟಿಗೆ ಹಾಕಿ, ಹಳೀ ಇಲಕಲ್ ಸೀರ್ಯಾಗ ಕಟ್ಟಿ, ಬಸ್ಸಿನಾಗ ಕೂಸಿನಂಗ ತೊಡಿ ಮ್ಯಾಲ ಇಟ್ಟುಕೊಂಡು ಅವ್ವ ವಿಜಯಪುರಕ್ಕ ಒಯ್ದ್ಲು. ನಾನೂ ಬೆನ್ನಹತ್ತಿ ಹೋದೆ. ಮಾಲಕರು ಗಂಟು ಬಿಚ್ಚಿದ್ರು. ಒಂದರ ಅಂಚೂ ಮುರದಿರಲಿಲ್ಲ. "ನಾಳಿಂದ ತರ್ರಿ ಅಕ್ಕಾರ" ಅಂದ್ರು. ನಾ ಅಲ್ಲಿದ್ದವರಿಗೆಲ್ಲಾ "ಇಕಿ ನಮ್ಮವ್ವ" ಅಂದೆ. ಒಂದು ಮಾತು ಅಂದ್ರ ಏಳು ಸಲ ತಿರುಗಿ ಅನ್ನೂ ಗುಮ್ಮಟ ಅಷ್ಟು ಸಮೀಪ ಇದ್ರೂ ಅದಕ್ಕ ತ್ರಾಸು ಕೊಡಲಿಲ್ಲ, ಏಳೂ ಸಲ ನಾನ ಅಂದೆ.

'ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿರಿ' ಅಂತ ಹುಡುಗರಿಗೆ ದಿನಾ ಹೇಳತೇನಿ. ಈ ಶಬ್ದದ ಅರ್ಥ ನಾ ಹೇಳಿದೆ, ವಾಕ್ಯ ಅವ್ವ ಮಾಡಿದ್ಲು. ಸ್ವತಃ ಉದಾಹರಣೆ ಆಗೂ ಭಾಗ್ಯ ಎಲ್ಲಾ ಮಾಸ್ತರಗೂ ಸಿಗತೈತೇನ್ರಿ? ನನ್ನ ಫೋಟೋ ಇರೂ ಡಬ್ಬ್ಯಾಗ ಅವ್ವ ಈಗ ನಾ ಕತ್ತರಿಸಿದ ರೊಟ್ಟಿ ಚೂರು ತುಂಬಿ ಇಟ್ಟಾಳ. ಬರೋಬ್ಬರಿ ಹೊಂದ್ಯಾವ. ಅವು ಮುಗಿಯೂತನಕ ನನಗ ಅದ ಊಟ.